ಶಾಲಾ ಪರಿಸರ ಸಾಕ್ಷರತೆ: ದಾಂಡೇಲಿಯಿಂದ ಮುಂಡಗೋಡದವರೆಗೆ

ಪರಿಸರ ಶಿಕ್ಷಣ ಸರ್ಕಾರದ ಔದಾರ್ಯವಲ್ಲ, ನ್ಯಾಯಾಲಯದ ಆದೇಶ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಇದನ್ನು ಕಡ್ಡಾಯ ವಿಷಯವಾಗಿಸಲು ಸೂಚಿಸಿತು. 2003ರಲ್ಲಿ ಪಠ್ಯಕ್ರಮ ರೂಪಿಸುವ ಹೊಣೆಯನ್ನು ಎನ್‌ಸಿಇಆರ್‌ಟಿಗೆ ವಹಿಸಿತು. ಸಂವಿಧಾನದ ಆಧಾರ: 48ಎ ವಿಧಿ (ರಾಜ್ಯದ ಹೊಣೆ) ಮತ್ತು 51ಎ(ಜಿ) (ನಾಗರಿಕರ ಮೂಲಭೂತ ಕರ್ತವ್ಯ). ಎರಡೂ ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರಿದ್ದಾರೆ.

ಉತ್ತರ ಕನ್ನಡದ ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಪಾಠೋಪಕರಣ ಶಾಲೆಯ ಹೊರಗೇ ಇದೆ. ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ. ಅದಕ್ಕೆ ಕಟ್ಟಿದ ಸೂಪಾ ಅಣೆಕಟ್ಟೆ ಗಣೇಶಗುಡಿಯಲ್ಲಿದೆ. ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿಯ ಹೆಸರಿಟ್ಟರು. ದಾಂಡೇಲಿಯಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನಿಂದ ಗಂಡು ಹಣ್ಣು ಉಣಿಸುತ್ತದೆ. ಅವು ಉಗುಳಿದ ಬೀಜಗಳೇ ಕಾಡಿನ ಬಿತ್ತನೆ. ಹಳೆಯ ಮರ ಕಡಿದರೆ ಏನಾಗುತ್ತದೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಮುಂಡಗೋಡಕ್ಕೆ ಅತ್ತಿವೇರಿ ಪಕ್ಷಿಧಾಮ, ಜೋಯಿಡಾಕ್ಕೆ ಕುಣಬಿ ಸಮುದಾಯದ ಗೆಡ್ಡೆ-ಗೆಣಸಿನ ಕೃಷಿಯೇ ಪಾಠ. ಹಳಿಯಾಳದ ಮಗು ತನ್ನೂರಿನ ಮಳೆಯನ್ನು ತಾನೇ ಅಳೆದು ಬರೆದಿಡಲಿ. ಹವಾಮಾನ ಬದಲಾವಣೆಯ ಪಾಠ ಅಲ್ಲಿಂದ ಆರಂಭವಾಗಬೇಕು.

ಪರಿಸರ ದಿನದಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಸಾಕ್ಷರತೆಯಲ್ಲ.

ನೆನಪಿಡಿ: ಪರಿಸರ ಶಿಕ್ಷಣದ ಟಿಬಿಲಿಸಿ ಸಮ್ಮೇಳನ 1977, ಪರಿಸರಸ್ನೇಹಿ ಜೀವನಶೈಲಿಯ ಅಭಿಯಾನ ಮಿಷನ್ ಲೈಫ್‌ಗೆ ಚಾಲನೆ 2022, ಗುಜರಾತಿನ ಏಕತಾ ನಗರದಲ್ಲಿ.