ಐದರ ಸೂಜಿಯೋ, ಆರರ ಸೂಜಿಯೋ?



ಕಗ್ಗಲೀಪುರ, ತಾವರೆಕೆರೆ ಕಡೆಯಿಂದ ಸೊಪ್ಪು ತರಕಾರಿ ತುಂಬಿಕೊಂಡು ಬನಶಂಕರಿ, ಜಯನಗರಕ್ಕೆ ಹೋಗಿಬರುವವರು ಈಗೀಗ ಒಂದು ಪ್ರಶ್ನೆ ಕೇಳುತ್ತಾರೆ: "ಅಲ್ಲಿನ ಡಾಕ್ಟರು ಕೂಸಿಗೆ ನೋವಿಲ್ಲದ ಸೂಜಿ ಹಾಕಿಸಿ ಅನ್ನುತ್ತಾರೆ. ನಮ್ಮೂರಲ್ಲಿ ಸಿಸ್ಟರಮ್ಮ ಹಾಕುವುದು ಕಳಪೆಯೇ ಸ್ವಾಮಿ?" ನಾನು ಬೆಳೆಯ ವಿಷಯ ಓದಿದವನು. ಆದರೂ ಪ್ರಶ್ನೆ ಮನೆಮನೆಯದಾದ್ದರಿಂದ ವಿಚಾರಿಸಿ ತಿಳಿದುದನ್ನು ಬರೆದಿದ್ದೇನೆ. ಕಳಪೆಯಲ್ಲ.

ಯೂರಿಯ, ಸೂಪರ್, ಪೊಟ್ಯಾಷ್ ಬೇರೆ ಬೇರೆ ಎರಚುವ ಬದಲು 17:17:17ರ ಒಂದೇ ಚೀಲ ತರುವುದುಂಟಲ್ಲವೇ? ಕೂಡುಲಸಿಕೆಯೂ ಹಾಗೆಯೇ. ಮೊದಲು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಈ ಮೂರಕ್ಕೆ ಒಂದು ಸೂಜಿ, ಕಾಮಾಲೆ ಬಿಗೆ ಇನ್ನೊಂದು ಸೂಜಿ ಇತ್ತು. 2013ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಕೇಂದ್ರಗಳಿಗೆ ಐದರ ಲಸಿಕೆ, ಅಂದರೆ ಪೆಂಟಾವೇಲೆಂಟ್, ಬಂದಿತು. ಎಳೆಮಕ್ಕಳಿಗೆ ನ್ಯುಮೋನಿಯಾ, ಮೆದುಳುಜ್ವರ ತರುವ ಹಿಬ್ ಎಂಬ ರೋಗಾಣುವಿಗೂ ಅದೇ ಸೂಜಿಯಲ್ಲಿ ತಡೆ. ಹುಟ್ಟಿದ 6, 10, 14ನೆಯ ವಾರಗಳಲ್ಲಿ ಮೂರು ಸಲ, ಪುಕ್ಕಟೆಯಾಗಿ ಹಾಕುತ್ತಾರೆ. ಪೋಲಿಯೊಗೆ ಬಾಯಿಗೆ ಹನಿಯೂ, ತೋಳಿಗೆ ಪುಟ್ಟ ಸೂಜಿಯೂ ಬೇರೆ ಉಂಟು.

ಆರರ ಲಸಿಕೆಯಲ್ಲಿ ಪೋಲಿಯೊ ಒಳಗೇ ಸೇರಿದೆ. ಖಾಸಗಿ ವೈದ್ಯರು ಅದನ್ನು ಇಷ್ಟಪಡುವುದಕ್ಕೆ ಒಂದು ಕಾರಣ ಇದೇ. ಒಂದು ಚುಚ್ಚು ಉಳಿಯಿತು. ದೊಡ್ಡ ಕಾರಣ ಜ್ವರ. ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಕೊಂದು ಇಡಿಯಾಗಿ ಸೇರಿಸಿರುತ್ತಾರೆ. ನೋವಿಲ್ಲದ್ದೆಂದು ಹೇಳುವುದರಲ್ಲಿ ಅದರ ಕೆಲವು ಅಂಶಗಳನ್ನು ಮಾತ್ರ ಶೋಧಿಸಿ ಹಾಕಿರುತ್ತಾರೆ. ಜ್ವರ, ಬಾವು ಕಡಿಮೆ. ತಾಯಿತಂದೆಯರು ನಡುರಾತ್ರಿ ವೈದ್ಯರಿಗೆ ಫೋನು ಮಾಡುವುದೂ ಕಡಿಮೆ! ಬೆಲೆ ಮಾತ್ರ ಒಂದೊಂದು ಸಲಕ್ಕೂ ಸಾವಿರಗಳ ಲೆಕ್ಕ. ಸೂಜಿ ಸೂಜಿಯೇ, ಚುಚ್ಚುವಾಗ ಕೂಸು ಅತ್ತೇ ಅಳುತ್ತದೆ.

ಜರಡಿ ಹಿಡಿದ ಹಿಟ್ಟು ನುಣುಪು, ಆದರೆ ಹೊಟ್ಟಿನ ಕಸುವು ಅದರಲ್ಲಿಲ್ಲ. ಶೋಧಿಸಿದ ಲಸಿಕೆಯ ಶಕ್ತಿ ನಾಯಿಕೆಮ್ಮಿನ ವಿಷಯದಲ್ಲಿ ಬೇಗ ಇಳಿಯುತ್ತದೆಂದು ಕಂಡುಬಂದಿದೆ. ಇಡೀ ರೋಗಾಣುವಿನ ಲಸಿಕೆ ಹಾಕುತ್ತಿರುವ ದೇಶಗಳು ಮೊದಲ ಮೂರು ಸಲಕ್ಕೆ ಅದನ್ನೇ ಮುಂದುವರಿಸಲೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಕೊಟ್ಟಿತು. ಹಣವುಳ್ಳವರು ಆರರದನ್ನು ಹಾಕಿಸಿದರೆ ತಪ್ಪಿಲ್ಲ. ಸಾಲ ಮಾಡಿ ಹಾಕಿಸುವ ಅಗತ್ಯ ನನಗಂತೂ ಕಾಣದು.

ನಿಜವಾದ ಅಪಾಯ ಬೇರೆ ಇದೆ. ಮೊದಲ ಸೂಜಿಗೆ ಕೂಸಿನ ಮೈ ಕಾದರೆ "ಸಾಕು ಬಿಡಿ" ಎಂದು ಅಜ್ಜಿ ತಡೆಯುತ್ತಾಳೆ. ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಜಪಾನಿನಲ್ಲಿ ಇಡೀ ದೇಶವೇ ಹೀಗೆ ಹೆದರಿತ್ತು. ಲಸಿಕೆಯ ನಂತರ ಇಬ್ಬರು ಮಕ್ಕಳು ಸತ್ತರೆಂದು 1975ರಲ್ಲಿ ನಾಯಿಕೆಮ್ಮಿನ ಸೂಜಿಯನ್ನು ಕೆಲಕಾಲ ನಿಲ್ಲಿಸಿದರು. ಮತ್ತೆ ಆರಂಭಿಸಿದರೂ ಜನ ಹಾಕಿಸಲಿಲ್ಲ. 1979ರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ 41 ಮಂದಿ ಸತ್ತರು. ಶೋಧಿಸಿದ ಲಸಿಕೆಯನ್ನು ಅವರು ಬಳಕೆಗೆ ತಂದದ್ದು 1981ರಲ್ಲಿ, ಆ ಸಾವುಗಳಾದ ಮೇಲೆ.

ಲಸಿಕೆಯ ಜ್ವರ ಒಂದೆರಡು ದಿನದ್ದು. ಸಿಸ್ಟರಮ್ಮ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಹನಿ ಕೊಡಿ, ಎದೆಹಾಲು ಬಿಡಿಸಬೇಡಿ. ತೊಡೆಯ ಬಾವನ್ನು ತಿಕ್ಕಬಾರದು, ಸುಣ್ಣ ಹಚ್ಚಬಾರದು. ಮೂರು ಗಂಟೆ ಮೀರಿ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಕೂಸು ಜೋಲುಬಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಮೊದಲು ಯಾವುದನ್ನು ಹಾಕಿಸಿದಿರೋ ಅದನ್ನೇ ಮುಂದುವರಿಸುವುದು ಮೇಲು. ಪೇಟೆಯಲ್ಲಿ ಒಂದು ಸಲ ಹಾಕಿಸಿ, ಮುಂದಕ್ಕೆ ದುಡ್ಡು ಒದಗದೆ ಕೈಬಿಟ್ಟವರು ನಾಚಿಕೆಪಡದೆ ನಮ್ಮ ಕೇಂದ್ರಕ್ಕೆ ಬನ್ನಿ. ತಡವಾಯಿತೆಂದು ಮೊದಲಿನಿಂದ ಹಾಕುವುದಿಲ್ಲ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಹಾಕಿಸಿದ್ದು ಯಾವುದೆಂದು ಅವರಿಗೆ ತಿಳಿಯಬೇಕಾದ್ದರಿಂದ, ಪೇಟೆಯ ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ತಾಯಿ ಕಾರ್ಡನ್ನೂ ಮರೆಯದೆ ತನ್ನಿ.