ಬೆನ್ನಿಗೊಂದು ಚೀಲ, ತಪ್ಪಲಿಗೊಂದು ಚೀಲ

ಕೇದಾರನಾಥಕ್ಕೆ ಹೋಗಿಬಂದವರನ್ನು ಊರಿನವರು ಕೇಳುವುದು ದರ್ಶನ ಹೇಗಾಯಿತು, ಚಳಿ ಎಷ್ಟಿತ್ತು ಎಂದು. ಮುಂದಿನ ವರ್ಷ ಹೊರಡಲಿರುವವರ ಪ್ರಶ್ನೆಯೇ ಬೇರೆ: ಏನೇನು ತಗೊಂಡು ಹೋಗಬೇಕು? ನಮ್ಮ ಮನೆಗೆ ಹೀಗೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ಅವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಚೀಲ ತುಂಬುವಾಗ ಇಡೀ ಯಾತ್ರೆಯನ್ನು ನೆನೆಯಬೇಡಿ, ಗೌರೀಕುಂಡದಿಂದ ಮೇಲಕ್ಕೆ ನಡೆದು ಹತ್ತುವ ಆ 16 ಕಿಲೋಮೀಟರ್ ಮಾತ್ರ ನೆನೆಯಿರಿ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಅಲ್ಲಿಂದ ಹರಿದ್ವಾರ. ಹರಿದ್ವಾರದಿಂದ ಗುಪ್ತಕಾಶಿಗೆ ಇಡೀ ದಿನದ ಘಾಟಿ ರಸ್ತೆ. ಹೊರಗಿನ ಗಾಡಿಗಳು ಸೋನ್‌ಪ್ರಯಾಗದಲ್ಲೇ ನಿಲ್ಲುತ್ತವೆ, ಗೌರೀಕುಂಡದವರೆಗಿನ ಮುಂದಿನ 5 ಕಿಲೋಮೀಟರಿಗೆ ಅಲ್ಲಿನ ಜೀಪೇ ಗತಿ. ಇಷ್ಟೂ ದೂರ ನಿಮ್ಮ ಚೀಲವನ್ನು ರೈಲು, ಟ್ಯಾಕ್ಸಿ, ಜೀಪು ಹೊರುತ್ತವೆ. ಗೌರೀಕುಂಡದಿಂದ ಮಾತ್ರ ನೀವು ಹೊರಬೇಕು. ಸುಮಾರು 2,000 ಮೀಟರ್ ಎತ್ತರದಿಂದ ಹೊರಟು 3,580 ಮೀಟರಿಗೆ ಒಂದೇ ದಿನದಲ್ಲಿ ಹತ್ತಬೇಕು. ಅಷ್ಟು ಮೇಲೆ ಗಾಳಿಯ ಒತ್ತಡ ನಮ್ಮ ಕರಾವಳಿಯದರ ಮೂರನೇ ಎರಡು ಭಾಗದಷ್ಟು. 2013ರ ಜೂನ್ ಪ್ರವಾಹದಲ್ಲಿ ದಾರಿ ಮಧ್ಯದ ರಾಮ್‌ಬಾಡಾ ಕೊಚ್ಚಿಹೋದ ಮೇಲೆ ದಾರಿಯನ್ನು ಮಂದಾಕಿನಿ ನದಿಯ ಆಚೆ ದಡಕ್ಕೆ ತಿರುಗಿಸಿದ್ದಾರೆ. ದೂರವೂ ಹೆಚ್ಚಿತು, ಲಿಂಚೋಲಿಯವರೆಗಿನ ಏರೂ ಕಡಿದಾಯಿತು. ಮನೆಯ ಮಂಚದ ಮೇಲೆ ಹಗುರವೆನಿಸಿದ ಚೀಲ ಆ ಏರಿನಲ್ಲಿ ಹೆಜ್ಜೆಹೆಜ್ಜೆಗೂ ತೂಗುತ್ತದೆ.

ಹಾಗಾಗಿ ನಾವು ಮನೆಯಲ್ಲೇ ಎರಡು ಚೀಲ ಬೇರೆ ಮಾಡಿಕೊಂಡೆವು. ದೊಡ್ಡದು ತಪ್ಪಲಿಗೆ, ಸಣ್ಣದು ಬೆನ್ನಿಗೆ. ಗುಪ್ತಕಾಶಿಯಲ್ಲಿ ಉಳಿದುಕೊಂಡ ಲಾಡ್ಜಿನವರಿಗೆ ಮೊದಲೇ ಹೇಳಿದರೆ ದೊಡ್ಡ ಚೀಲ ಇಟ್ಟುಕೊಳ್ಳುತ್ತಾರೆ. ಹರಿದ್ವಾರ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲೂ ಇಡಬಹುದು, ಆದರೆ ಬೀಗ ಹಾಕದ ಚೀಲವನ್ನು ತೆಗೆದುಕೊಳ್ಳುವುದಿಲ್ಲ, ಒಂದು ಸಣ್ಣ ಬೀಗ ನೆನಪಿರಲಿ. ಬೆನ್ನಿನ ಚೀಲ ನೀರಿನ ಬಾಟಲಿಯೂ ಸೇರಿ ಐದು ಕಿಲೋ ದಾಟಬಾರದೆಂದು ನಿರ್ಧರಿಸಿ, ನಮ್ಮೂರ ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ತೂಗಿ ನೋಡಿದ್ದೆ. ಕೈಯಲ್ಲಿ ಎತ್ತಿ ‘ಹಗುರ ಇದೆ’ ಎನ್ನುವುದನ್ನು ನಂಬಬೇಡಿ. ಒಂದು ಲೀಟರ್ ನೀರೇ ಒಂದು ಕಿಲೋ. ದಾರಿಯುದ್ದಕ್ಕೂ ಚಹಾ ಅಂಗಡಿಗಳಿವೆ, ನೀರು ಸಿಗುತ್ತದೆ, ಒಂದು ಬಾಟಲಿಗಿಂತ ಹೆಚ್ಚು ಹೊರುವ ಅಗತ್ಯವಿಲ್ಲ.

ನನ್ನ ಜೊತೆ ಬಂದವರು ಅತ್ತಿಗೆ. ಯಾರಿಗೂ ತೊಂದರೆಯಾಗಬಾರದು ಎಂದು ಜೀವನವಿಡೀ ತಾನೇ ಹೊತ್ತು ಅಭ್ಯಾಸವಾದ ಹೆಂಗಸು. ಹೊರಡುವ ವಾರ ಅವರು ಮಂಚದ ಮೇಲೆ ಹರಡಿದ್ದನ್ನು ನೋಡಿ ನನಗೆ ಅವರ ಮೇಲಿನ ಪ್ರೀತಿಯೇ ಹೆಚ್ಚಾಯಿತು. ಎರಡು ರಗ್ಗು, ಅವಲಕ್ಕಿಯ ಚೀಲ, ಗಾಜಿನ ಬಾಟಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ, ಪೂಜೆಗೆ ಎರಡು ರೇಷ್ಮೆ ಸೀರೆ.

“ಅತ್ತಿಗೆ, ಮೇಲೆ ಉಳಿಯುವಲ್ಲಿ ದಪ್ಪ ರಜಾಯಿ ಕೊಡ್ತಾರೆ. ರಗ್ಗು ಯಾಕೆ?”

“ಕೊಡ್ತಾರೆ ಅಂತೀಯ. ಸಾಲದೇ ಹೋದ್ರೆ? ನಿಂಗೆ ಚಳಿ ತಡಿಯೂದಿಲ್ಲ ಅಂತ ನಂಗೆ ಗೊತ್ತಿಲ್ವಾ?”

ಎರಡನೇ ರಗ್ಗು ನನಗಾಗಿ ಎಂದು ಆಗ ತಿಳಿಯಿತು. ನಾವು ಹೆಂಗಸರ ಚೀಲ ಭಾರವಾಗುವುದು ಬಹುಪಾಲು ಹೀಗೆಯೇ. ನಮಗೆ ಬೇಕಾದ್ದು ಸ್ವಲ್ಪ, ಜೊತೆಗಿರುವವರಿಗೆ ‘ಇರಲಿ’ ಎಂದು ಹಾಕಿಕೊಂಡದ್ದು ಬಹಳ. ಆದ್ದರಿಂದ ಗುಂಪಿನಲ್ಲಿ ಹೋಗುವವರು ಒಟ್ಟಿಗೆ ಕೂತು ಪಟ್ಟಿ ಮಾಡಲೇಬೇಕು. ನಾಲ್ಕು ಜನರಿಗೆ ನಾಲ್ಕು ವಿಕ್ಸ್, ನಾಲ್ಕು ಟಾರ್ಚು, ನಾಲ್ಕು ಟೂತ್‌ಪೇಸ್ಟ್ ಬೇಡ. ಯಾರ ಹತ್ತಿರ ಏನಿದೆ ಎಂದು ಎಲ್ಲರಿಗೂ ಗೊತ್ತಿದ್ದರೆ ಈ ‘ಇರಲಿ’ಯ ಸಾಮಾನು ತಾನಾಗಿ ಕರಗುತ್ತದೆ.

ತಿಂಡಿಯ ವಿಷಯದಲ್ಲಿ ಅತ್ತಿಗೆಯ ಅಂಜಿಕೆ ನ್ಯಾಯವಾದದ್ದೇ. ಉತ್ತರದ ಊಟ ಒಗ್ಗದಿದ್ದರೆ ಏನು ಗತಿ? ಆದರೆ ಆ ದಾರಿಯಲ್ಲಿ ದಾಲು-ಅನ್ನ, ಪರಾಠಾ, ಮ್ಯಾಗಿ, ಬಿಸಿ ಚಹಾ ಮೇಲಿನವರೆಗೂ ಸಿಗುತ್ತವೆ. ಅನ್ನ ಸಿಕ್ಕಿತೆಂದರೆ ನಮಗೆ ಬೇಕಾಗುವುದು ನಾಲಿಗೆಗೊಂದಿಷ್ಟು ಖಾರ, ಅದಕ್ಕೆ ಚಟ್ನಿಪುಡಿಯ ಪೊಟ್ಟಣ ಸಾಕು. ಉಪ್ಪಿನಕಾಯಿಗಿಂತ ಅದರ ಬಾಟಲಿಯೇ ಭಾರ, ಅದು ಗುಪ್ತಕಾಶಿಯಲ್ಲೇ ಉಳಿಯಿತು. ಜೇಬಿನಲ್ಲಿ ಶೇಂಗಾ ಚಿಕ್ಕಿ, ಬೆಲ್ಲ, ಒಣಶುಂಠಿಯ ಚೂರು ಇದ್ದರೆ ಹತ್ತುವಾಗ ಸುಸ್ತಾದಲ್ಲಿ ಅದೇ ಆಧಾರ.

ಬಟ್ಟೆಯದು ನಿಜವಾದ ಕಲಿಕೆ. ಚಳಿಗೆ ಒಂದು ದಪ್ಪ ಸ್ವೆಟರಿಗಿಂತ ತೆಳುವಾದ ಮೂರು ಪದರ ಮೇಲು, ಪದರಗಳ ನಡುವೆ ನಿಂತ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ, ಬೆವರಿದಾಗ ಒಂದೊಂದೇ ಬಿಚ್ಚಬಹುದು. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ನಡುಗಿಸುತ್ತದೆ. ಉಣ್ಣೆ ಒದ್ದೆಯಾದರೂ ಅಷ್ಟು ಮೋಸ ಮಾಡುವುದಿಲ್ಲ. ಜೀನ್ಸ್ ಖಂಡಿತ ಬೇಡ, ಭಾರವೂ ಹೌದು, ನೆನೆದರೆ ಎರಡು ದಿನಕ್ಕೂ ಒಣಗುವುದಿಲ್ಲ. ಸೀರೆ ಉಟ್ಟೇ ಹತ್ತುವ ತಾಯಂದಿರನ್ನು ಕಂಡು ಕೈಮುಗಿದಿದ್ದೇನೆ, ಆದರೂ ಕುದುರೆ ಲದ್ದಿ, ಕೆಸರು ತುಂಬಿದ ಆ ದಾರಿಗೆ ಚೂಡಿದಾರ್ ಅನುಕೂಲ. ಟರ್ಕಿ ಟವೆಲ್ ಬದಲು ನಮ್ಮ ಬೈರಾಸವೇ ಸರಿ. ಒಗೆದ ಬಟ್ಟೆಯನ್ನು ಹಿಂಡಿ, ಒಣಗಿದ ಬೈರಾಸದ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಎರಡು ತುದಿಯಿಂದ ಇಬ್ಬರು ಬಲವಾಗಿ ತಿರುಚಬೇಕು. ನೀರೆಲ್ಲ ಬೈರಾಸಕ್ಕೆ ಇಳಿಯುತ್ತದೆ, ಬಟ್ಟೆ ರಾತ್ರಿ ಬೆಳಗಾಗುವುದರೊಳಗೆ ಉಡುವಂತಾಗುತ್ತದೆ. ಗುಪ್ತಕಾಶಿಯಲ್ಲಿ ನಾನೂ ಅತ್ತಿಗೆಯೂ ಹೀಗೇ ಮಾಡಿದೆವು. ಈ ಒಂದು ಉಪಾಯ ಗೊತ್ತಿದ್ದರೆ ಎಷ್ಟು ದಿನದ ಯಾತ್ರೆಗೂ ಮೂರು ಜೊತೆ ಬಟ್ಟೆ ಸಾಕು. ಮೇಲೆ ಮಾತ್ರ ಏನೂ ಒಣಗುವುದಿಲ್ಲ, ಒಗೆಯುವುದನ್ನು ಕೆಳಗೇ ಮುಗಿಸಿ.

‘ಹೊರಲು ಪಿಟ್ಟು ಮಾಡಿಕೊಂಡರಾಯ್ತಲ್ಲ’ ಎನ್ನುವವರಿದ್ದಾರೆ. ಬೆನ್ನಿಗೆ ಕಂಡಿ ಎಂಬ ಬುಟ್ಟಿ ಕಟ್ಟಿಕೊಂಡು ನಮ್ಮನ್ನೂ ನಮ್ಮ ಚೀಲಗಳನ್ನೂ ಹೊರುವವರಲ್ಲಿ ಬಹಳಷ್ಟು ಜನ ನೇಪಾಳದಿಂದ ದುಡಿಮೆಗೆಂದು ಬಂದವರು. ಮಂಡಿ ನೋವಿನವರು, ಉಸಿರಿನ ತೊಂದರೆ ಇರುವವರು ಅವರ ನೆರವು ಪಡೆಯಲಿ, ಅವರಿಗೂ ಅದು ಅನ್ನ. ಆದರೆ ನಮಗೆ ಬೇಡದ ರಗ್ಗು, ಉಡದ ರೇಷ್ಮೆ ಸೀರೆ ಇನ್ನೊಬ್ಬನ ಬೆನ್ನಿನ ಮೇಲೆ ಆ ಏರು ಹತ್ತುವುದನ್ನು ನೋಡಲು ನನಗಂತೂ ಆಗುವುದಿಲ್ಲ. ಇನ್ನೊಂದು ವಿಷಯ, ಚೀಲವನ್ನು ಪಿಟ್ಟುವಿಗೆ ಕೊಟ್ಟರೂ ಕುದುರೆಗೆ ಹೇರಿದರೂ ಅದು ನಮಗಿಂತ ಬಹಳ ಮುಂದೆ ಹೋಗಿಬಿಡುತ್ತದೆ. ದಾರಿಯಲ್ಲಿ ಭೀಮ್‌ಬಲಿ ದಾಟಿದ ಮೇಲೆ ಮಳೆ ಹಿಡಿದಾಗ, ನಮ್ಮೊಡನೆ ಹತ್ತುತ್ತಿದ್ದ ಗುಂಪೊಂದರ ಹಿರಿಯರೊಬ್ಬರ ಟೊಪ್ಪಿ, ಸ್ವೆಟರ್, ಬಿಪಿ ಮಾತ್ರೆ ಎಲ್ಲವೂ ಕುದುರೆಯ ಮೇಲಿದ್ದ ಚೀಲದಲ್ಲಿದ್ದವು. ಲಿಂಚೋಲಿಯ ಅಂಗಡಿಯವನು ಒಲೆ ಪಕ್ಕ ಕೂರಿಸಿ ಕಂಬಳಿ ಹೊದಿಸಿದ. ಬೇರೆಯವರಿಗೆ ಏನನ್ನು ಕೊಟ್ಟರೂ ಮಳೆಯಂಗಿ, ಬೆಚ್ಚನೆಯದೊಂದು ಪದರ, ಮಾತ್ರೆ, ಯಾತ್ರೆಯ ನೋಂದಣಿ ಚೀಟಿ, ಆಧಾರ್, ನಗದು ಇವಿಷ್ಟು ನಿಮ್ಮ ಮೈಮೇಲೇ ಇರಬೇಕು. ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಇಟ್ಟುಕೊಳ್ಳಿ, ಹೆಸರು ಕಂಡರೆ ಯಾವ ವೈದ್ಯರಿಗೂ ಗೊತ್ತಾಗುತ್ತದೆ. ಭಾರ ಇಳಿಸುವ ಹುರುಪಿನಲ್ಲಿ ಇವುಗಳಿಗೆ ಕೈಹಾಕಬೇಡಿ.

ಮಳೆಯಂಗಿಯನ್ನು ಊರಿನಿಂದಲೇ ಒಯ್ಯಿರಿ. ಸೋನ್‌ಪ್ರಯಾಗದಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಅಂಗಿಗಳು ಒಂದೇ ದಿನಕ್ಕೆ ಹರಿದು ಮಂದಾಕಿನಿಯ ದಡದಲ್ಲಿ ಬಿದ್ದಿರುತ್ತವೆ, ಆ ನದಿಯನ್ನು ನೋಡಲೆಂದೇ ನಾವು ಅಷ್ಟು ದೂರ ಹೋಗಿರುತ್ತೇವೆ. ಊರುಗೋಲು ಗೌರೀಕುಂಡದಲ್ಲೇ ಸಿಗುತ್ತದೆ. ಗಂಗಾಜಲ, ರುದ್ರಾಕ್ಷಿ, ಉಣ್ಣೆಯ ಶಾಲುಗಳ ಖರೀದಿ ವಾಪಸ್ ಬರುವಾಗ ಹರಿದ್ವಾರದಲ್ಲಿ ಆಗಲಿ, ದೊಡ್ಡ ಚೀಲ ಮನೆಯಿಂದ ಹೊರಡುವಾಗ ಅರ್ಧ ಖಾಲಿ ಇರಲಿ.

ಕೇದಾರದ ಮುಖ್ಯ ಅರ್ಚಕರಾದ ರಾವಲರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವರು. ಅಷ್ಟು ದೂರದ ಗುಡಿಯಲ್ಲಿ ನಮ್ಮ ಕಡೆಯವರಿದ್ದಾರೆಂಬ ಧೈರ್ಯ ಅತ್ತಿಗೆಗೆ ರಗ್ಗಿಗಿಂತ ಹೆಚ್ಚು ಬೆಚ್ಚಗಿತ್ತು. ಅಲ್ಲಿ ಒಂದು ರಾತ್ರಿ ಉಳಿದೆವು. ಕೊಟ್ಟ ರಜಾಯಿ ಸಾಕಾಯಿತು.

ಈ ಸಲ ಹೊರಡುವವರು ಒಂದು ಕೆಲಸ ಮಾಡಿ. ತಿಂಗಳ ಮೊದಲೇ ಬೆನ್ನಿನ ಚೀಲ ತುಂಬಿ, ಹಾಕಿಕೊಳ್ಳಲಿರುವ ಶೂ ಹಾಕಿಕೊಂಡು, ಹತ್ತಿರದ ಗುಡ್ಡ ಹತ್ತಿ ನೋಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ. ಮನೆಗೆ ಬಂದ ಕೂಡಲೇ, ಬೆವರು ಆರುವ ಮೊದಲೇ, ಚೀಲ ಬಿಚ್ಚಿ ಏನು ತೆಗೆಯಬೇಕೆಂದು ನಿರ್ಧರಿಸಿ. ಮರುದಿನಕ್ಕೆ ಬಿಟ್ಟರೆ ಎಲ್ಲವೂ ಬೇಕೆನಿಸುತ್ತದೆ.