ನಿಕಲ್ ಕಾರ್ಬೊನೇಟ್: ಪ್ಲೇಟಿಂಗ್ ಟ್ಯಾಂಕಿನ ಬದಿಯ ಪಾಠಗಳು

ಪೀಣ್ಯದ ಪ್ಲೇಟಿಂಗ್ ಶಾಪ್‌ಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಹೇಳಿಕೊಡುವ ಮಾತುಗಳಿವು. ನಮ್ಮದು ವಾಟ್ಸ್ ಬಾತ್, ಅಂದರೆ ನಿಕಲ್ ಸಲ್ಫೇಟ್, ನಿಕಲ್ ಕ್ಲೋರೈಡ್ ಮತ್ತು ಬೋರಿಕ್ ಆಸಿಡ್ ಸೇರಿದ ದ್ರಾವಣ. 1916ರಲ್ಲಿ ಆಲಿವರ್ ವಾಟ್ಸ್ ಕೊಟ್ಟ ಈ ಸೂತ್ರವೇ ಇಂದಿಗೂ ಹೆಚ್ಚಿನ ನಿಕಲ್ ಪ್ಲೇಟಿಂಗ್‌ಗೆ ತಳಪಾಯ. ಈ ಬಾತ್‌ನ ಪಿಎಚ್ ಇಳಿದಾಗ ಏರಿಸಲು ನಾವು ಹಾಕುವುದು ನಿಕಲ್ ಕಾರ್ಬೊನೇಟ್.

1. ಕಾರ್ಬೊನೇಟ್ ಚೀಲದ ಮೇಲೆ ಏನೇ ಬರೆದಿರಲಿ, ಒಳಗಿರುವುದು ಸಾಮಾನ್ಯವಾಗಿ ಬೇಸಿಕ್ ನಿಕಲ್ ಕಾರ್ಬೊನೇಟ್. ಕಾರ್ಬೊನೇಟ್, ಹೈಡ್ರಾಕ್ಸೈಡ್, ನೀರು ಮೂರೂ ಬೆರೆತ ತಿಳಿಹಸಿರು ಪುಡಿ ಅದು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಿಕಲ್ ಇರುತ್ತದೆ. ಪ್ರಮಾಣ ಲಾಟಿನಿಂದ ಲಾಟಿಗೆ ಬದಲಾಗುವುದರಿಂದ ಟೆಸ್ಟ್ ಸರ್ಟಿಫಿಕೇಟ್ ನೋಡದೆ ಲೆಕ್ಕ ಹಾಕಬೇಡಿ. ಪಿಂಗಾಣಿಯ ಮೆರುಗಿಗೆ ಬಣ್ಣ ಕೊಡಲು, ಕ್ಯಾಟಲಿಸ್ಟ್ ತಯಾರಿಸಲು ಬಳಸುವುದೂ ಇದನ್ನೇ.

2. ಪಿಎಚ್ ಏರಿಸಲು ಕಾಸ್ಟಿಕ್ ಸೋಡಾ ಅಗ್ಗ, ನಿಜ. ಆದರೆ ಅದು ಬಿದ್ದ ಕಡೆ ನಿಕಲ್ ಹೈಡ್ರಾಕ್ಸೈಡ್ ಗಡ್ಡೆಕಟ್ಟುತ್ತದೆ, ಸೋಡಿಯಂ ಬಾತ್‌ನಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಕಾರ್ಬೊನೇಟ್ ಮಾತ್ರ ಆಸಿಡ್ಡನ್ನು ತಿಂದು ನಿಕಲ್ ಉಪ್ಪಾಗುತ್ತದೆ, ಜೊತೆಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಟುಹೋಗುತ್ತದೆ. ಹೊರಗಿನದೇನೂ ಬಾತ್‌ನಲ್ಲಿ ಉಳಿಯುವುದಿಲ್ಲ. ಕೊಡುವ ದುಡ್ಡು ಇದಕ್ಕೇ.

3. ಪುಡಿಯನ್ನು ಟ್ಯಾಂಕಿಗೆ ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬಿಸಿ ಬಾತ್ ದ್ರಾವಣವನ್ನೇ ತೆಗೆದುಕೊಂಡು, ಪುಡಿಯನ್ನು ಸ್ವಲ್ಪಸ್ವಲ್ಪವೇ ಹಾಕಿ ಕದಡಿ. ಒಮ್ಮೆಲೇ ಹಾಕಿದರೆ ನೊರೆ ಉಕ್ಕುತ್ತದೆ. ಈ ಗಂಜಿಯನ್ನು ಜಾಬ್ (ಪ್ಲೇಟ್ ಮಾಡುವ ವಸ್ತು) ಇಲ್ಲದ ಹೊತ್ತಿನಲ್ಲಿ ಟ್ಯಾಂಕಿಗೆ ಬೆರೆಸಿ ಚೆನ್ನಾಗಿ ಕಲಕಿ, ಕಾಯ್ದು, ಆಮೇಲೆ ಪಿಎಚ್ ಅಳೆಯಿರಿ. ಪಿಎಚ್ 4ರ ಕೆಳಗಿದ್ದರೆ ಕರಗುವುದು ಸಲೀಸು, ಮೇಲೇರಿದಷ್ಟೂ ನಿಧಾನ. ಮೀಟರ್ ಮೇಲೇಳಲಿಲ್ಲವೆಂದು ಇನ್ನಷ್ಟು ಸುರಿದರೆ ಕರಗದ ಕಣಗಳು ಜಾಬ್‌ಗೆ ಅಂಟಿ, ಬೆರಳಾಡಿಸಿದಾಗ ಮರಳುಕಾಗದದಂತೆ ತಾಗುತ್ತವೆ. ಫಿಲ್ಟರ್ ಮಾಡಿದ ಮೇಲೆಯೇ ಕೆಲಸ ಶುರುಮಾಡಿ.

4. ಆರೋಗ್ಯವಾಗಿರುವ ಬಾತ್‌ನಲ್ಲಿ ಪಿಎಚ್ ತಾನಾಗಿಯೇ ನಿಧಾನಕ್ಕೆ ಏರುತ್ತದೆ, ನಾವು ಹಾಕಬೇಕಾದ್ದು ಸಲ್ಫ್ಯೂರಿಕ್ ಆಸಿಡ್. ಪದೇಪದೇ ಇಳಿಯುತ್ತಿದ್ದರೆ ಮೊದಲು ಆನೋಡ್ ನೋಡಿ: ಬಾಸ್ಕೆಟ್ ಖಾಲಿಯೇ, ಆನೋಡ್ ಚೀಲ ಕಟ್ಟಿಕೊಂಡಿದೆಯೇ? ಆನೋಡ್ ಕರಗದಿದ್ದಾಗ ಕಾರ್ಬೊನೇಟ್ ಹಾಕುವುದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟ ಹಾಗೆ.

5. ತಳಕ್ಕೆ ಬಿದ್ದ ಕಬ್ಬಿಣದ ಜಾಬ್‌ಗಳು ಕರಗಿ ಬಾತ್ ಕೆಟ್ಟಿದ್ದರೆ, ಬೇರೆ ಟ್ಯಾಂಕಿನಲ್ಲಿ ಕಾರ್ಬೊನೇಟ್‌ನಿಂದ ಪಿಎಚ್ 5ರ ಮೇಲಕ್ಕೆ ತಂದು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಕಬ್ಬಿಣ ಕಂದು ಕೆಸರಾಗಿ ಕೂರುತ್ತದೆ, ಸೋಸಿ ತೆಗೆಯಬಹುದು. ಬಾತ್‌ಗೆ ತಾಮ್ರ ಸೇರಿದ್ದರೆ ಮಾತ್ರ ಡಮ್ಮಿ ಪ್ಲೇಟಿಂಗೇ (ಬೇಡದ ತಗಡಿನ ಮೇಲೆ ಪ್ಲೇಟ್ ಮಾಡಿ ತೆಗೆಯುವುದು) ಬೇಕು.

6. ಪುಡಿ ತೂಗುವಾಗ ಫ್ಯಾನ್ ಬಂದ್, ಮೂತಿಗೆ ಧೂಳು ತಡೆಯುವ ಮಾಸ್ಕ್, ಕೈಗೆ ಗ್ಲೌಸ್. ಬಟ್ಟೆ ಕಟ್ಟಿಕೊಂಡರೆ ಸಾಲದು. ನಿಕಲ್ ಸಂಯುಕ್ತಗಳು ಮನುಷ್ಯರಿಗೆ ಕ್ಯಾನ್ಸರ್ ತರುವಂಥವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ವರ್ಗೀಕರಿಸಿದೆ. ನಿಕಲ್ ತುರಿಕೆ ಒಮ್ಮೆ ಹತ್ತಿದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಚೆಲ್ಲಿದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆ ಹಿಂಡಿದ ನೀರು ಇಟಿಪಿಗೆ (ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ) ಹೋಗಬೇಕು, ಚರಂಡಿಗಲ್ಲ.